ಜೈಮಿನಿ ಭಾರತದಲ್ಲಿ ಪೋಷಣೆಯ ಪ್ರಶ್ನೆ

ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ರಸ್ತೆಯಲ್ಲಿರುವ ಸಖರಾಯಪಟ್ಟಣವು ಇಂದು ಒಂದು ಸಣ್ಣ ಊರು. ಆದರೆ ಕನ್ನಡ ಸಾಹಿತ್ಯವನ್ನು ಅಭ್ಯಾಸ ಮಾಡುವವರಿಗೆ ಆ ಸೀಮೆ ಅಪರಿಚಿತವಾದುದಲ್ಲ. ಸಖರಾಯಪಟ್ಟಣಕ್ಕೆ ಸಮೀಪದಲ್ಲಿರುವ, ಅದೇ ಕಡೂರು ತಾಲ್ಲೂಕಿಗೆ ಸೇರಿದ ದೇವನೂರು, ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶ ಕವಿಯ ಊರೆಂದು ಪ್ರಸಿದ್ಧವಾಗಿದೆ. ಕವಿಯು ಸ್ತುತಿಸುವ ದೇವಪುರದ ಲಕ್ಷ್ಮೀರಮಣನು ದೇವನೂರಿನವನೋ ಸುರಪುರದವನೋ ಎಂಬ ವಾದ ಒಂದು ಕಾಲದಲ್ಲಿ ಬಿರುಸಾಗಿಯೇ ನಡೆದಿತ್ತು. ಪ್ರಕೃತ ಆ ವಾದ ನಮಗೆ ಬೇಕಿಲ್ಲ. ೩೪ ಸಂಧಿಗಳ ಈ ವಾರ್ಧಕ ಷಟ್ಪದಿ ಕಾವ್ಯವು ಕನ್ನಡ ನಾಡಿನ ಹಳ್ಳಿಹಳ್ಳಿಯ ಜಗಲಿಗಳಲ್ಲಿ ಗಮಕಿಗಳ ಕಂಠದಿಂದ ತಲೆಮಾರುಗಳ ಕಾಲ ಕೇಳಿಬಂದುದೆಂಬ ಮಾತು ಮಾತ್ರ ನಮಗೆ ಮುಖ್ಯ. ಓದುಬರಹ ಬಾರದ ಹೆಂಗಸರೂ ಸೀತೆಯ ಕಥೆಯನ್ನು, ಬಬ್ರುವಾಹನನ ಕಥೆಯನ್ನು, ಚಂದ್ರಹಾಸನ ಕಥೆಯನ್ನು ಬಲ್ಲವರಾದುದು ಬಹುಮಟ್ಟಿಗೆ ಈ ಕಾವ್ಯದಿಂದ ಮತ್ತು ಇದರಿಂದ ಹುಟ್ಟಿದ ಬಯಲಾಟಗಳಿಂದ.

ಈ ಕಾವ್ಯದ ವಿಷಯವಾಗಿ ನಡೆದಿರುವ ವಿಮರ್ಶೆಯಲ್ಲಿ ಉಪಮೆಗೂ ನಾದಮಾಧುರ್ಯಕ್ಕೂ ಮೊದಲ ಸ್ಥಾನ ಸಂದಿದೆ. ಅದಾದ ಮೇಲೆ ಸೀತಾಪರಿತ್ಯಾಗದ ಕರುಣರಸಕ್ಕೆ. ಕಾಡಿನ ನಡುವೆ ಒಬ್ಬಳೇ ನಿಂತ ಗರ್ಭಿಣಿಯ ದುಃಖವನ್ನು ಕಂಡು ಮೃಗಪಕ್ಷಿಗಳೂ ಮರುಗಿದುವೆಂಬ ವರ್ಣನೆಯನ್ನು ಮೆಚ್ಚದ ವಿಮರ್ಶಕರು ವಿರಳ. ಆ ಮೆಚ್ಚುಗೆ ನ್ಯಾಯವಾದುದೇ. ಆದರೆ ಕಣ್ಣೀರಿಗೆ ದೊರೆತ ಗಮನವು ಅದರ ಮುಂದಿನ ಭಾಗಕ್ಕೆ ದೊರೆಯಲಿಲ್ಲವೆಂದು ನಮ್ಮ ಆಕ್ಷೇಪಣೆ. ಸೀತೆಯನ್ನು ಕಾಡಿನಲ್ಲಿ ಬಿಟ್ಟ ದಿನಕ್ಕೂ ತಂದೆ ಮಕ್ಕಳು ಒಬ್ಬರನ್ನೊಬ್ಬರು ಗುರುತಿಸಿದ ದಿನಕ್ಕೂ ನಡುವೆ ಎಷ್ಟೋ ವರ್ಷಗಳು ಕಳೆದಿವೆ. ಆ ವರ್ಷಗಳಲ್ಲಿ ಮಕ್ಕಳಿಗೆ ಅನ್ನವಿಕ್ಕಿದವರು ಯಾರು? ಪೋಷಣೆಯ ಭಾರ ಯಾರ ಮೇಲೆ ಬಿದ್ದಿತು? ಅದನ್ನು ಹೊರಬೇಕಾಗಿದ್ದವನು ಆಗ ಏನು ಮಾಡುತ್ತಿದ್ದನು? ಸಮಾಜಶಾಸ್ತ್ರ ವಿಭಾಗಗಳಲ್ಲಿ ಒಂಟಿ ತಾಯಂದಿರ ಮತ್ತು ಅವರ ಮಕ್ಕಳ ಜೀವನಾಂಶವನ್ನು ಕುರಿತು ನಡೆಯುವ ಸಂಶೋಧನೆಯೂ ಕೇಳುವುದು ಈ ಪ್ರಶ್ನೆಗಳನ್ನೇ. ಎರಡು ವಿಭಾಗದವರು ಒಂದೇ ಕಟ್ಟಡದಲ್ಲಿ ಕುಳಿತು ಪರಸ್ಪರರ ಪುಸ್ತಕಗಳನ್ನು ತೆರೆದು ನೋಡದಿರುವುದು ವಿಶ್ವವಿದ್ಯಾನಿಲಯಗಳ ಹಳೆಯ ರೋಗ. ಈ ಲೇಖನದಲ್ಲಿ ಕಾವ್ಯವನ್ನೂ ಆ ಸಂಶೋಧನೆಯನ್ನೂ ಎದುರುಬದುರಾಗಿ ಇಟ್ಟು ನೋಡಲು ಯತ್ನಿಸಿದ್ದೇವೆ.

ಸಖರಾಯಪಟ್ಟಣದ ಸ್ಥಳಪುರಾಣದಿಂದಲೇ ಹೊರಡಬಹುದು. ಆ ಊರು ರುಕ್ಮಾಂಗದ ರಾಯನ ರಾಜಧಾನಿಯಾಗಿತ್ತೆಂದೂ ಸಮೀಪದ ಅಯ್ಯನಕೆರೆಯನ್ನು ಕಟ್ಟಿಸಿದವನು ಅವನೇ ಎಂದೂ ಪ್ರತೀತಿಯಿದೆ. ನಾರದ ಪುರಾಣದಲ್ಲಿ ಬರುವ ರುಕ್ಮಾಂಗದನ ಕಥೆ ಯಕ್ಷಗಾನ ಪ್ರಸಂಗವಾಗಿಯೂ ಜನಕ್ಕೆ ಪರಿಚಿತವಾದುದು. ಏಕಾದಶೀ ವ್ರತವನ್ನು ಮುರಿ, ಇಲ್ಲವೇ ಮಗನಾದ ಧರ್ಮಾಂಗದನನ್ನು ಕಡಿ ಎಂದು ಮೋಹಿನಿ ಹಠ ಹಿಡಿದಾಗ ರಾಜನು ಕತ್ತಿಯನ್ನೆತ್ತುತ್ತಾನೆ. ತಾಯಿ ಸಂಧ್ಯಾವಳಿ ಒಪ್ಪುತ್ತಾಳೆ. ಕಡೆಯ ಗಳಿಗೆಯಲ್ಲಿ ಹರಿಯು ಪ್ರತ್ಯಕ್ಷನಾಗಿ ತಡೆಯುತ್ತಾನೆ. ವ್ರತದ ಮಹಿಮೆಯನ್ನು ಸಾರುವ ಈ ಕಥೆಯಲ್ಲಿ, ತಂದೆಗೆ ಮಗನ ಮೇಲೆ ಅಧಿಕಾರವುಂಟೆಂಬುದು ಚರ್ಚೆಯಿಲ್ಲದೆಯೇ ಅಂಗೀಕೃತವಾಗಿದೆ. ಮಗನಿಗೆ ತಂದೆಯ ಮೇಲೆ ಹಕ್ಕುಂಟೇ ಎಂಬ ಮಾತು ಅಲ್ಲಿ ಏಳುವುದೇ ಇಲ್ಲ. ಕೂಗಳತೆಯ ದೂರದ ದೇವನೂರಿನ ಕವಿಯ ಕಾವ್ಯದಲ್ಲಿ ಆ ಮಾತು ಏಳುತ್ತದೆ, ಅದೂ ಬೇರೆ ಬೇರೆ ರೂಪಗಳಲ್ಲಿ ಮತ್ತೆ ಮತ್ತೆ.

ಸೀತೆಯ ಪರಿತ್ಯಾಗ ನಡೆದ ಕ್ರಮವನ್ನು ಮೊದಲು ಗಮನಿಸಬೇಕು. ಗರ್ಭಿಣಿಗೆ ಆಶ್ರಮಗಳನ್ನು ನೋಡಿಬರುವ ಬಯಕೆಯುಂಟಾಗಿದೆ. ಆ ಬಯಕೆಯನ್ನು ಸಲ್ಲಿಸುವ ನೆವದಿಂದಲೇ ಲಕ್ಷ್ಮಣನು ಆಕೆಯನ್ನು ರಥದಲ್ಲಿ ಕರೆದೊಯ್ಯುತ್ತಾನೆ. ಗಂಗೆಯನ್ನು ದಾಟಿದ ಮೇಲೆ ನಿಜ ಹೊರಬೀಳುತ್ತದೆ. ತನ್ನನ್ನು ಬಿಟ್ಟಿರುವ ಸಂಗತಿ ಆಕೆಗೆ ಗಂಡನ ಬಾಯಿಂದ ತಿಳಿಯಲಿಲ್ಲ. ಮೈದುನನ ಬಾಯಿಂದ ತಿಳಿಯಿತು. ಈ ವಿವರದಲ್ಲಿ ನಮ್ಮ ನಾಡಿನ ಸಂಸಾರಗಳ ಅನುಭವ ಅಡಗಿದೆಯೆಂದು ನಮಗೆ ತೋರುತ್ತದೆ. ಚೊಚ್ಚಲ ಬಾಣಂತನಕ್ಕೆ ಹೆಣ್ಣು ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಸೀಮಂತ ಮಾಡಿ, ಮಡಿಲು ತುಂಬಿ, ಸಂಭ್ರಮದಿಂದ ಕಳುಹಿಸುತ್ತಾರೆ. ಮಗುವಿಗೆ ಕೆಲವು ತಿಂಗಳು ತುಂಬಿದ ಬಳಿಕ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಕರೆಯಲು ಯಾರೂ ಬಾರದೆ ಹೋದರೆ ಅದೇ ಪರಿತ್ಯಾಗ. ಅದಕ್ಕೆ ಜಗಳವಿಲ್ಲ, ಪತ್ರವಿಲ್ಲ, ತಾರೀಖೂ ಇಲ್ಲ. ಯಾವ ದಿನ ನಿನ್ನನ್ನು ಬಿಟ್ಟರು ಎಂದು ಮುಂದೆ ನ್ಯಾಯಾಲಯದಲ್ಲಿ ವಕೀಲರು ಕೇಳಿದರೆ ಅಂಥ ಹೆಂಗಸಿಗೆ ಹೆಸರಿಸಲು ಒಂದು ದಿನ ಇರುವುದಿಲ್ಲ. ಮರ್ಯಾದೆಯ ಆಚಾರವೊಂದರ ಮರೆಯಲ್ಲಿಯೇ ಬಿಟ್ಟುಬಿಡುವ ಈ ಕ್ರಮವನ್ನು ಕೇಳುಗ ಹೆಂಗಸರು ಗಮಕಿಯ ವ್ಯಾಖ್ಯಾನವಿಲ್ಲದೆಯೇ ಗುರುತಿಸಿರಬೇಕು.

ಇಂಥವಳನ್ನು ಜನರು ಕರೆಯುವ ಮಾತು 'ಗಂಡ ಬಿಟ್ಟವಳು'. ವ್ಯಾಕರಣದ ದೃಷ್ಟಿಯಿಂದ ಇದು ವಿಚಾರ ಮಾಡತಕ್ಕ ಮಾತು. ಗಂಡನು ಬಿಟ್ಟವಳು ಎಂದೂ ಗಂಡನನ್ನು ಬಿಟ್ಟವಳು ಎಂದೂ ಇದಕ್ಕೆ ಎರಡು ವಿಗ್ರಹವಾಕ್ಯಗಳು ಸಾಧ್ಯ. ವಿಭಕ್ತಿಪ್ರತ್ಯಯ ಲೋಪವಾದ ಕಡೆ ಕರ್ತೃವೂ ಲೋಪವಾಗಿ, ಯಾರು ಯಾರನ್ನು ಬಿಟ್ಟರೂ ಮಾತು ಹೆಂಗಸಿನ ಹೆಸರಿಗೇ ಅಂಟುತ್ತದೆ. ಕಾನೂನಿಗೆ ಈ ಎರಡು ವಿಗ್ರಹಗಳ ನಡುವಣ ವ್ಯತ್ಯಾಸವೇ ಸರ್ವಸ್ವ; ಸಾಕಷ್ಟು ಕಾರಣವಿಲ್ಲದೆ ಗಂಡನೊಡನೆ ಬಾಳಲು ನಿರಾಕರಿಸಿದ ಹೆಂಡತಿಗೆ ಜೀವನಾಂಶ ಸಲ್ಲದೆಂಬುದು ದಂಡಪ್ರಕ್ರಿಯಾ ಸಂಹಿತೆಯ ಹಳೆಯ ನಿಯಮ. ಆದಕಾರಣ ವಿಚಾರಣೆಯ ಬಹುಭಾಗವು ಆ ಲೋಪವಾದ ಪ್ರತ್ಯಯವನ್ನು ಹುಡುಕುವುದರಲ್ಲಿಯೇ ಕಳೆಯುತ್ತದೆಂದರೆ ಹಾಸ್ಯವಲ್ಲ. ಮಗುವಿನ ಹಕ್ಕಿಗಾದರೋ ಈ ನಿಬಂಧನೆಯಿಲ್ಲ. ತಾಯಿಯು ಬಿಟ್ಟವಳಾಗಲಿ ಬಿಡಲ್ಪಟ್ಟವಳಾಗಲಿ, ವಿವಾಹದಿಂದ ಹುಟ್ಟಿದುದಾಗಲಿ ಹುಟ್ಟದುದಾಗಲಿ, ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗುವನ್ನು ಪೋಷಿಸುವ ಹೊಣೆ ಶಕ್ತನಾದ ತಂದೆಗೆ ಉಂಟು. ಆಚರಣೆಯಲ್ಲಿ ತಾಯಿಯ ಅರ್ಜಿಯೂ ಮಗುವಿನ ಅರ್ಜಿಯೂ ಒಂದೇ ಕಾಗದದಲ್ಲಿ ಹೋಗುವುದರಿಂದ ತಾಯಿಯ ಮೇಲಿನ ಸಂಶಯದ ಫಲವನ್ನು ಮಗುವೂ ಉಣ್ಣಬೇಕಾಗುತ್ತದೆ.

ಕಾವ್ಯಕ್ಕೆ ಮರಳೋಣ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಸೀತೆಯು ಲಕ್ಷ್ಮಣನಿಗೆ, ತಾನು ಈಗಲೇ ಗಂಗೆಯಲ್ಲಿ ಪ್ರಾಣ ಬಿಡುತ್ತಿದ್ದೆನು, ಆದರೆ ಗಂಡನ ರಾಜವಂಶ ಕಡಿದುಹೋಗುವುದಲ್ಲಾ ಎನ್ನುತ್ತಾಳೆ. ಬಸಿರಿನಲ್ಲಿರುವುದು ಆಕೆಯ ಮಗುವಾಗುವುದಕ್ಕಿಂತ ಮೊದಲು ರಘುವಂಶದ ಕುಡಿ. ಹೀಗಿದ್ದೂ ಆ ಕುಡಿಯ ಅನ್ನಕ್ಕೆ ರಘುವಂಶದಿಂದ ಯಾವ ಏರ್ಪಾಡೂ ಇಲ್ಲ. ಆಶ್ರಮದ ತಾಪಸಿಯರ ಕೈಗೆ ಮುನಿಯು ಆಕೆಯನ್ನು ಒಪ್ಪಿಸುತ್ತಾನೆ. ಅವರು ಸಲಹುತ್ತಾರೆ. ಲಕ್ಷ್ಮೀಶನಲ್ಲಿಯೂ ವಾಲ್ಮೀಕಿಯು ಸಂತೈಸಿ ಆಶ್ರಮಕ್ಕೆ ಕರೆದೊಯ್ಯುತ್ತಾನೆ. ಮಕ್ಕಳು ಹುಟ್ಟುತ್ತಾರೆ, ಬೆಳೆಯುತ್ತಾರೆ, ವಿದ್ಯೆ ಕಲಿಯುತ್ತಾರೆ. ಇವೆಲ್ಲ ಕೆಲವೇ ಪದ್ಯಗಳಲ್ಲಿ ಮುಗಿಯುತ್ತವೆ. ಬಿಟ್ಟ ಗಳಿಗೆಗೆ ಉಪಮೆಗಳ ಮಳೆಗರೆದ ಕವಿಯು ಬೆಳೆಸಿದ ವರ್ಷಗಳಿಗೆ ಒಂದೆರಡು ಹನಿಗಳನ್ನು ಮಾತ್ರ ಉಳಿಸಿದ್ದಾನೆ. ಇದನ್ನು ಕಾವ್ಯದ ದೋಷವೆಂದು ಎಣಿಸಬೇಕೇ? ಕಥಾಕಾವ್ಯವು ಘಟನೆಯಿಂದ ಘಟನೆಗೆ ಜಿಗಿಯುವುದು ಸಹಜ. ದಿನದಿನವೂ ಒಂದೇ ರೀತಿಯಾಗಿ ನಡೆಯುವ ಉಣಿಸುವ, ಮೀಯಿಸುವ, ಮಲಗಿಸುವ ಕೆಲಸದಲ್ಲಿ ಘಟನೆಯೆಂಬುದಿಲ್ಲ. ದೋಷವೆನ್ನುವುದಾದರೆ ಅದು ಪರಂಪರೆಯ ದೋಷ. ಆದರೆ ವಿಮರ್ಶಕರು ಆ ಖಾಲಿ ಜಾಗವನ್ನು ಖಾಲಿಯೆಂದು ಗುರುತಿಸದೆ ದಾಟಿಹೋಗಿರುವುದಕ್ಕೆ ಈ ಸಮಾಧಾನ ಸಾಲದು.

ಜೀವನಾಂಶದ ಸಂಶೋಧನೆಯಲ್ಲಿಯೂ ಇಂಥದೇ ಖಾಲಿ ಜಾಗವೊಂದಿದೆ. ಭಾರತದಲ್ಲಿ ಬೇರೆಯಾದ ಹಾಗೂ ವಿಚ್ಛೇದಿತರಾದ ಹೆಂಗಸರ ಆರ್ಥಿಕ ಸ್ಥಿತಿಯನ್ನು ಕುರಿತ ಕೀರ್ತಿ ಸಿಂಗ್ ಅವರ ೨೦೧೩ರ ಗ್ರಂಥವು, ಗಂಡನ ಮನೆಯಿಂದ ಹೊರಬಿದ್ದ ಹೆಂಗಸರಲ್ಲಿ ಬಹುಪಾಲಿನವರು ತವರಿಗೆ 
ಮರಳಿ ಅಲ್ಲಿಯೇ ಮಕ್ಕಳನ್ನು ಸಾಕುತ್ತಿರುವುದನ್ನು ತೋರಿಸಿತು. ಈ ಮಾತಿನ ಪೂರ್ಣಾರ್ಥವನ್ನು ನಾವಿನ್ನೂ ಗ್ರಹಿಸಿಲ್ಲ. ೨೦೧೧ರ ಜನಗಣತಿಯಲ್ಲಿ ಹೆಂಗಸರೇ ಮುಖ್ಯಸ್ಥರಾದ ಕುಟುಂಬಗಳು ಸುಮಾರು ೨.೭ ಕೋಟಿ ಎಂದು ಲೆಕ್ಕವಾಯಿತು. ವಿಶ್ವಸಂಸ್ಥೆಯ ಮಹಿಳಾ ಅಂಗವು ೨೦೧೯ರಲ್ಲಿ ಪ್ರಕಟಿಸಿದ ವರದಿಯು ಒಂಟಿ ತಾಯಂದಿರು ನಡೆಸುವ ಮನೆಗಳು ಭಾರತದ ಮನೆಗಳಲ್ಲಿ ಶೇಕಡಾ ೪.೫ರಷ್ಟೆಂದು, ಎಂದರೆ ಸುಮಾರು ೧.೩ ಕೋಟಿಯೆಂದು ಅಂದಾಜು ಮಾಡಿತು. ತವರಿನಲ್ಲಿ ಅಣ್ಣತಮ್ಮಂದಿರ ಸಂಸಾರದೊಳಗೆ ಸೇರಿಹೋದ ತಾಯಿ ಈ ಎರಡು ಲೆಕ್ಕಗಳಿಗೂ ಸಿಕ್ಕುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯುಳ್ಳ ನಾಡಿನಲ್ಲಿ ಆಕೆ ಮಗುವಿನೊಡನೆ ಕುಲದೊಳಕ್ಕೆ ಮರಳಿ ಬಂದಿದ್ದಾಳೆ. ಅಜ್ಜಿ ಮಗುವನ್ನು ನೋಡಿಕೊಳ್ಳುತ್ತಾಳೆ. ಸೋದರಮಾವ ಶಾಲೆಯ ಪುಸ್ತಕ ಕೊಡಿಸುತ್ತಾನೆ. ಅತ್ತಿಗೆಯ ಮುಖ ಬಾಡುತ್ತದೆ. ತಂದೆಯ ಸಾಲವನ್ನು ಈ ಮೂವರೂ ತೀರಿಸುತ್ತಿದ್ದಾರೆ. ವಾಲ್ಮೀಕಿಯ ಆಶ್ರಮವೆಂದರೆ ಇದೇ. ಆಶ್ರಮಕ್ಕಾದ ವೆಚ್ಚವನ್ನು ಅಯೋಧ್ಯೆಯಿಂದ ವಸೂಲು ಮಾಡಬೇಕೆಂದು ಯಾವ ಪುರಾಣವೂ ಹೇಳಲಿಲ್ಲ. ನಮ್ಮ ನ್ಯಾಯಾಲಯಗಳಲ್ಲಿಯೂ ತವರಿನವರು ಸಾಕುತ್ತಿರುವರಲ್ಲಾ ಎಂಬುದು ಕೊಡಬೇಕಾದವನ ಪಕ್ಷಕ್ಕೆ ಒದಗಿಬರುವ ವಾದ.

ಇಲ್ಲಿಯೇ ಒಂದು ಮಾತು ಹೇಳಿಬಿಡುವುದೊಳ್ಳೆಯದು. ಕರ್ನಾಟಕದಲ್ಲಿ ೨೦೨೩ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ತಿಂಗಳಿಗೆ ೨೦೦೦ ರೂಪಾಯಿಗಳನ್ನು ನಿಗದಿಪಡಿಸಿದ್ದು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದ ಹೆಂಗಸಿಗೆ, ಅದೂ ಮನೆಗೊಬ್ಬಳಿಗೆ. ತವರಿನ ಚೀಟಿಯಲ್ಲಿ ಯಜಮಾನಿ ತಾಯಿಯೋ ಅತ್ತಿಗೆಯೋ ಆಗಿರುತ್ತಾಳೆ. ೨೦೧೩ರಲ್ಲಿ ಅವಿವಾಹಿತೆಯರಿಗೂ ವಿಚ್ಛೇದಿತೆಯರಿಗೂ ಎಂದು ಏರ್ಪಡಿಸಿದ ಮನಸ್ವಿನಿ ಮಾಸಾಶನವಾದರೋ ೪೦ ವರ್ಷ ತುಂಬಿದ ಮೇಲೆ ದೊರೆಯತಕ್ಕದ್ದು. ಇಪ್ಪತ್ತೆರಡರಲ್ಲಿ ಕೂಸನ್ನೆತ್ತಿಕೊಂಡು ತವರಿಗೆ ಬಂದವಳಿಗೆ ಅದು ಕೈಗೆಟುಕುವ ಹೊತ್ತಿಗೆ ಕೂಸಿಗೆ ಮೀಸೆ ಬಂದಿರುತ್ತದೆ. ಒಂಟಿ ಹೆಂಗಸನ್ನು ಕಂಡ ಯೋಜನೆ ಆಕೆಯ ಕಂಕುಳಿನ ಮಗುವನ್ನು ಕಾಣಲಿಲ್ಲ.

ಮಕ್ಕಳ ಕಡೆಗೆ ತಿರುಗೋಣ. ಪ್ರೌಢಶಾಲೆಯ ಪಠ್ಯದಲ್ಲಿ ಲವನ ಪ್ರಸಂಗವನ್ನು ಓದಿದವರಿಗೆ ಅದರ ಸನ್ನಿವೇಶ ನೆನಪಿರಬಹುದು. ವಾಲ್ಮೀಕಿಯು ವರುಣನಲ್ಲಿಗೆ ಹೋಗಿರುವ ಸಮಯ. ತೋಟವನ್ನು ಕಾಯುತ್ತಿದ್ದ ಲವನು ಒಳನುಗ್ಗಿದ ಯಜ್ಞಾಶ್ವವನ್ನು ಕಂಡು ಅದರ ಹಣೆಯ ಮೇಲಿನ ಬರಹವನ್ನು ಓದುತ್ತಾನೆ. ಕೌಸಲ್ಯೆ ಹೆತ್ತ ಮಗನಾದ ರಾಮನೊಬ್ಬನೇ ಭೂಮಿಯಲ್ಲಿ ವೀರನೆಂಬುದು ಆ ಬರಹದ ತಾತ್ಪರ್ಯ. ಈ ಗರ್ವವನ್ನು ಬಿಡಿಸದೆ ಹೋದರೆ ಜನವೆಲ್ಲ ತನ್ನ ತಾಯಿಯನ್ನು ಬಂಜೆಯೆನ್ನುವುದಿಲ್ಲವೇ ಎಂದು ಹುಡುಗನಿಗೆ ರೋಷವುಕ್ಕುತ್ತದೆ. ಜೊತೆಯ ಮುನಿಕುಮಾರರು ಹೆದರಿ ಬೇಡವೆನ್ನುತ್ತಾರೆ. ಅವರು ಅಂಜಿದರೆ ಜಾನಕಿಯ ಮಗನು ಅಂಜುವನೇ ಎಂದು ನಕ್ಕು ಅವನು ಕುದುರೆಯನ್ನು ಕಟ್ಟಿಬಿಡುತ್ತಾನೆ. ವೀರರಸಕ್ಕೆ ಉದಾಹರಣೆಯಾಗಿ ಇದನ್ನು ತರಗತಿಗಳಲ್ಲಿ ಪಾಠ ಹೇಳುವುದುಂಟು. ಹೆಸರುಗಳನ್ನು ಗಮನಿಸಿದವರು ಕಡಮೆ. ತಂದೆಯು ಕೌಸಲ್ಯೆಯ ಮಗ. ಮಗನು ಜಾನಕಿಯ ಮಗ. ದಶರಥನ ಹೆಸರೂ ಇಲ್ಲ, ರಾಮನಿಗೆ ಮಗನೆಂಬ ಅರಿವೂ ಇಲ್ಲ. ಬರಹವನ್ನು ಹುಡುಗನು ಓದಿಕೊಂಡ ರೀತಿಯೂ ಸ್ವಾರಸ್ಯವಾದುದು. ಅವನಿಗೆ ಅದು ಇಬ್ಬರು ವೀರರ ಸ್ಪರ್ಧೆಯಾಗಿ ಕಾಣದೆ ಇಬ್ಬರು ತಾಯಂದಿರ ಸ್ಪರ್ಧೆಯಾಗಿ ಕಾಣುತ್ತದೆ. ಒಬ್ಬಳು ಹೆತ್ತದ್ದು ಲೋಕಕ್ಕೆ ಗೊತ್ತು; ಇನ್ನೊಬ್ಬಳು ಹೆತ್ತದ್ದು ಆಶ್ರಮದ ಬೇಲಿಯನ್ನು ದಾಟಿಲ್ಲ. ಲೋಕದ ಲೆಕ್ಕದಲ್ಲಿ ಆಕೆ ಬಂಜೆಯೇ. ಜನಗಣತಿಗೆ ಸಿಕ್ಕದ ತಾಯಿಯೆಂದು ನಾವು ಮೇಲೆ ಹೇಳಿದ್ದೂ ಇದನ್ನೇ.

ತಾಯಿಯ ಹೆಸರಿನಿಂದ ತನ್ನನ್ನು ಹೇಳಿಕೊಳ್ಳುವ ಈ ಸ್ವಾತಂತ್ರ್ಯ ಲವನಿಗೆ ಸುಲಭವಾಗಿ ದೊರೆಯಿತು. ಆಶ್ರಮದಲ್ಲಿ ಅರ್ಜಿಯ ನಮೂನೆಗಳಿರಲಿಲ್ಲ. ೧೯೫೬ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯಿದೆಯ ೬ನೆಯ ಪ್ರಕರಣವು ಸಹಜ ಪಾಲಕನು ತಂದೆ, ಅವನ ತರುವಾಯ ತಾಯಿ ಎಂದು ವಿಧಿಸಿತು. 'ತರುವಾಯ' ಎಂಬ ಒಂದು ಮಾತಿನಿಂದ, ತಂದೆ ಬದುಕಿರುವವರೆಗೆ, ಅವನು ಮಗುವಿನ ಮುಖವನ್ನೇ ನೋಡದಿದ್ದರೂ, ತಾಯಿಯ ಸಹಿಗೆ ಬೆಲೆಯಿಲ್ಲದಂತಾಗಿತ್ತು. ೧೯೯೯ರಲ್ಲಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಾತಿಗೆ 'ಮರಣಾನಂತರ' ಎಂಬ ಅರ್ಥವನ್ನು ಬಿಟ್ಟು 'ಗೈರುಹಾಜರಿಯಲ್ಲಿ' ಎಂಬ ಅರ್ಥವನ್ನು ಮಾಡಿತು. ಮಗುವಿನ ವಿಷಯದಲ್ಲಿ ಉದಾಸೀನನಾದ ತಂದೆಯೂ ಗೈರುಹಾಜರಾದವನೇ ಎಂದಿತು. ೨೦೧೫ರಲ್ಲಿ ಅದೇ ನ್ಯಾಯಾಲಯವು ಅವಿವಾಹಿತ ತಾಯಿಯು ತಂದೆಯ ಹೆಸರನ್ನು ಹೇಳದೆಯೇ, ಅವನಿಗೆ ನೋಟೀಸು ಕೊಡದೆಯೇ, ಪಾಲಕಳಾಗಬಹುದೆಂದು ತೀರ್ಪಿತ್ತಿತು. ಶಬ್ದಾರ್ಥ ವಿಚಾರವು ಬರಿಯ ಭಾಷಾಶಾಸ್ತ್ರಜ್ಞರ ವಿನೋದವೆಂದು ತಿಳಿದವರು ಈ ತೀರ್ಪುಗಳನ್ನು ಓದಬೇಕು.

ಬಬ್ರುವಾಹನನ ಪ್ರಸಂಗದಲ್ಲಿ ಕಾವ್ಯದ ಯೋಜನೆ ಸ್ಪಷ್ಟವಾಗುತ್ತದೆ. ಕುದುರೆಯನ್ನು ಕಟ್ಟಿಸಿದ ಬಬ್ರುವಾಹನನಿಗೆ ಅದರ ಹಿಂದೆ ಬಂದವನು ತನ್ನ ತಂದೆಯೆಂಬುದು ತಾಯಿ ಚಿತ್ರಾಂಗದೆಯಿಂದ ತಿಳಿಯುತ್ತದೆ. ಅವನು ಯುದ್ಧವನ್ನು ಬಿಟ್ಟು, ಕಾಣಿಕೆಗಳೊಡನೆ ಹೋಗಿ ಅರ್ಜುನನ ಕಾಲಿಗೆರಗುತ್ತಾನೆ. ಅರ್ಜುನನು ಮಗನೆಂದು ಒಪ್ಪುವುದಿಲ್ಲ. ಅಭಿಮನ್ಯುವಿನ ಹೆಸರನ್ನೆತ್ತಿ ಇವನನ್ನು ಜರೆಯುತ್ತಾನೆ; ಹುಟ್ಟನ್ನು ಶಂಕಿಸಿ ತಾಯಿಯನ್ನೂ ಹೀಗಳೆಯುತ್ತಾನೆ. ಆಗ ಯುದ್ಧ. ಸರಿಯಾಗಿ ಈ ಎಡೆಯಲ್ಲಿಯೇ ಜೈಮಿನಿಯು ಜನಮೇಜಯನಿಗೆ ಕುಶಲವರ ಕಥೆಯನ್ನು ತೆಗೆಯುತ್ತಾನೆ. ಎರಡೂ ತಂದೆ ಮಕ್ಕಳ ಕಾಳಗಗಳಾದುದರಿಂದ ಹೋಲಿಕೆಗಾಗಿ ಒಂದರೊಳಗೊಂದನ್ನು ಸೇರಿಸಿದೆಯೆಂದು ಸಾಮಾನ್ಯವಾಗಿ ಹೇಳಬಹುದು. ನಮ್ಮ ಮತದಲ್ಲಿ ಹೋಲಿಕೆಗಿಂತ ಭೇದವೇ ಬಲವಾದುದು. ಉತ್ತರಕಾಂಡದಲ್ಲಿ ಕುಶಲವರನ್ನು ತಂದೆ ಗುರುತಿಸುವುದು ಅವರ ಹಾಡಿನಿಂದ. ಜೈಮಿನಿಯ ಪರಂಪರೆಯಲ್ಲಿ ಹಾಡಿನ ಬದಲು ಬಾಣ ಬಂದಿದೆ. ತಂದೆಯನ್ನು ಅರಿಯದೆ ಹೋರಾಡಿದ ಮಕ್ಕಳು ಮಕ್ಕಳೆನಿಸಿಕೊಳ್ಳುತ್ತಾರೆ. ತಂದೆಯನ್ನು ಅರಿತು ಕೈಮುಗಿದು ಬಂದವನು ಹಾದರದ ಮಗನೆನಿಸಿಕೊಳ್ಳುತ್ತಾನೆ. ಬೇಡಿದವನಿಗೆ ಇಲ್ಲ, ಬಡಿದವನಿಗೆ ಉಂಟು. ಅರ್ಜುನನು ಮಗನನ್ನು ಮಗನೆನ್ನಬೇಕಾದರೆ ಮೊದಲು ಆ ಮಗನ ಕೈಯಿಂದಲೇ ಸಾಯಬೇಕಾಯಿತು. ೧೯೭೭ರ ಚಲನಚಿತ್ರದಲ್ಲಿ ರಾಜಕುಮಾರ್ ಅವರು ಅರ್ಜುನ ಬಬ್ರುವಾಹನರ ಎರಡು ಪಾತ್ರಗಳನ್ನೂ ಅಭಿನಯಿಸಿದ್ದರಿಂದ, ಹುಟ್ಟಿನ ಸಂಶಯಕ್ಕೆ ಪ್ರೇಕ್ಷಕರ ಮಟ್ಟಿಗಾದರೂ ಮುಖವೇ ಉತ್ತರವಾಯಿತು.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಮಣಿಪುರದ ಅರಸನಿಗೆ ಅನ್ನದ ಕೊರತೆಯಿರಲಿಲ್ಲ. ಅಲ್ಲದೆ ವ್ಯಾಸಭಾರತದ ಆದಿಪರ್ವದಂತೆ, ಚಿತ್ರಾಂಗದೆಯಲ್ಲಿ ಹುಟ್ಟುವ ಮಗನು ತನ್ನ ವಂಶಕ್ಕೇ ಸೇರತಕ್ಕವನೆಂದು ಆಕೆಯ ತಂದೆ ಚಿತ್ರವಾಹನನು ಮದುವೆಯ ಮೊದಲೇ ಕರಾರು ಮಾಡಿಕೊಂಡಿದ್ದನು. ಸಾಕುವ ಹೊಣೆ ಅರ್ಜುನನದಾಗಿರಲಿಲ್ಲ. ಅವನು ಕೊಡಬೇಕಾಗಿದ್ದುದು ಹೆಸರನ್ನು. ತಂದೆಯ ಋಣದಲ್ಲಿ ಅನ್ನದ ಭಾಗ ಬೇರೆ, ಹೆಸರಿನ ಭಾಗ ಬೇರೆ ಎಂಬುದನ್ನು ಈ ಪ್ರಸಂಗವು ನಮಗೆ ಬೇರ್ಪಡಿಸಿ ತೋರಿಸುತ್ತದೆ. ಜೀವನಾಂಶದ ಕಾನೂನು ಅನ್ನದ ಭಾಗವನ್ನಷ್ಟೇ ಕೊಡಿಸಬಲ್ಲದು. ವಿಚಿತ್ರವೆಂದರೆ ಅನ್ನವನ್ನು ಕೊಡಬೇಕಾಗಿ ಬಂದವನು ಮೊದಲು ಹೆಸರನ್ನೇ ಅಲ್ಲಗಳೆಯುತ್ತಾನೆ. ಮಗು ತನ್ನದಲ್ಲವೆಂಬ ಉತ್ತರವು ಇಂಥ ಮೊಕದ್ದಮೆಗಳಲ್ಲಿ ಸವೆದ ಹಾದಿ.

ಆ ಕಾನೂನು ಹುಟ್ಟಿದ್ದೂ ಮಗುವಿನ ಮೇಲಣ ಕರುಣೆಯಿಂದೇನಲ್ಲ. ನಿರ್ಗತಿಕರು ಬೀದಿಪಾಲಾಗಿ ಅಲೆಯುವುದನ್ನು ತಡೆಯಬೇಕೆಂಬ ಆಡಳಿತದ ದೃಷ್ಟಿಯಿಂದ, ಎಂದೇ ದಂಡಪ್ರಕ್ರಿಯಾ ಸಂಹಿತೆಯೊಳಗೆ, ಅದಕ್ಕೆ ಸ್ಥಾನ ದೊರೆಯಿತು. ೧೮೯೮ರ ಸಂಹಿತೆಯ ೪೮೮ನೆಯ ಪ್ರಕರಣವೇ ೧೯೭೩ರಲ್ಲಿ ೧೨೫ನೆಯದಾಗಿ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೧೪೪ನೆಯದಾಗಿದೆ. ೧೯೫೫ರ ತಿದ್ದುಪಡಿಯಿಂದ ಜೀವನಾಂಶದ ಪರಮಾವಧಿ ತಿಂಗಳಿಗೆ ೫೦೦ ರೂಪಾಯಿಯೆಂದಾಯಿತು. ಅಕ್ಕಿಬೇಳೆಯ ಬೆಲೆ ಎಷ್ಟೋ ಪಟ್ಟು ಏರಿದರೂ ಕೇಂದ್ರದ ಸಂಹಿತೆಯಲ್ಲಿ ಆ ಅಂಕಿ ೨೦೦೧ರವರೆಗೆ ಕದಲಲಿಲ್ಲ. ಆ ವರ್ಷ ಮಿತಿಯನ್ನು ತೆಗೆದುಹಾಕಿ, ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಮಟ್ಟಿಗೆ ನೋಟೀಸು ತಲುಪಿದ ೬೦ ದಿನಗಳೊಳಗೆ ತೀರ್ಮಾನಿಸತಕ್ಕದ್ದೆಂದು ವಿಧಿಸಲಾಯಿತು. ೨೦೨೦ರಲ್ಲಿ ರಜನೇಶ್ ಮತ್ತು ನೇಹಾ ಎಂಬವರ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಉಭಯಪಕ್ಷದವರೂ ಆಸ್ತಿಪಾಸ್ತಿಯ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದೂ ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ ಹೇಳಿತು. ಇಷ್ಟಾದರೂ ಆಜ್ಞೆಯಾದ ಹಣ ತಾನಾಗಿ ಬರುವುದಿಲ್ಲ. ಬಾಕಿಯ ವಸೂಲಿಗೆ ಆಕೆ ಮತ್ತೆ ಅರ್ಜಿ ಹಾಕಬೇಕು. ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಮುಂದಿನ ಬಾಕಿಗೆ ಮತ್ತೊಮ್ಮೆ. ಕುಶಲವರು ಒಂದೇ ಕಾಳಗದಿಂದ ಗೆದ್ದರು. ಈಕೆಯ ಕಾಳಗ ವರ್ಷಕ್ಕೊಮ್ಮೆ.

ಹೊರದೇಶಗಳ ವಿದ್ವಾಂಸರು ಈ ಕಾಳಗವನ್ನೇ ತಪ್ಪಿಸುವ ದಾರಿಯನ್ನು ವಿಚಾರಮಾಡಿರುವರು. ಸ್ವೀಡನ್ ದೇಶವು ೧೯೩೭ರಲ್ಲಿಯೇ, ಜೀವನಾಂಶವನ್ನು ಸರ್ಕಾರವು ತಾಯಿಗೆ ಮುಂಗಡವಾಗಿ ಕೊಟ್ಟು ತರುವಾಯ ತಂದೆಯಿಂದ ವಸೂಲು ಮಾಡಿಕೊಳ್ಳುವ ಕಾನೂನನ್ನು ಮಾಡಿತು. ಇಂಗ್ಲೆಂಡಿನ ಫೈನರ್ ಸಮಿತಿ ೧೯೭೪ರಲ್ಲಿ ಒಂಟಿ ತಂದೆತಾಯಿಗಳ ಕುಟುಂಬಗಳಿಗೆ ಖಾತರಿಯ ಭತ್ಯವನ್ನು ಸೂಚಿಸಿತು. ಅದು ಕಾಗದದಲ್ಲಿಯೇ ಉಳಿಯಿತು. ಅಲ್ಲಿ ೧೯೯೩ರಲ್ಲಿ ಸ್ಥಾಪಿತವಾದ ವಸೂಲಿ ಸಂಸ್ಥೆಯು ತಂದೆಯಿಂದ ಪಡೆದ ಹಣವನ್ನು ತಾಯಿಗೆ ಸಲ್ಲುತ್ತಿದ್ದ ಸರ್ಕಾರಿ ನೆರವಿನಿಂದ ಕಳೆದುದರಿಂದ, ಬಡ ಮಗುವಿನ ತಟ್ಟೆಗೆ ಹೆಚ್ಚೇನೂ ಬೀಳಲಿಲ್ಲ. ಅಮೆರಿಕದ ಗಾರ್ಫಿಂಕೆಲ್ ಮತ್ತು ಮೆಕ್‌ಲನಹನ್ ೧೯೮೬ರ ತಮ್ಮ ಗ್ರಂಥದಲ್ಲಿ, ತಂದೆಯ ಸಂಬಳದಿಂದಲೇ ಹಣವನ್ನು ಹಿಡಿದುಕೊಂಡು, ಸಾಲದೆ ಬಂದುದನ್ನು ಸರ್ಕಾರ ತುಂಬುವ ವ್ಯವಸ್ಥೆಯನ್ನು ಪ್ರತಿಪಾದಿಸಿದರು. ಈ ಸಂಶೋಧನೆಯ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ತಂದೆಗೆ ತಿಂಗಳ ಸಂಬಳವೊಂದಿದೆಯೆಂದು ಭಾವಿಸಿಕೊಂಡು ಹೊರಟಿದೆ. ಕಡೂರಿನ ರಾಗಿಯ ಹೊಲದಲ್ಲಿ, ತೆಂಗಿನ ತೋಟದಲ್ಲಿ, ಮಲೆನಾಡಿನ ಕಾಫಿ ತೋಟದಲ್ಲಿ ದಿನಗೂಲಿ ಮಾಡುವವನ ಆದಾಯಕ್ಕೆ ಚೀಟಿಯಿಲ್ಲ, ಹಿಡಿದುಕೊಳ್ಳಲು ಸಂಬಳವಿಲ್ಲ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಪರದೇಶದ ಪ್ರಶ್ನಾವಳಿಯನ್ನೇ ಕನ್ನಡಿಸಿಕೊಂಡು ಹೋಗುವ ಪದ್ಧತಿಯಿಂದ, ಆಜ್ಞೆಯಾದ ಮೊತ್ತ ಎಷ್ಟು, ವಸೂಲಾದ ಮೊತ್ತ ಎಷ್ಟು ಎಂಬ ಎರಡು ಕಂಬಸಾಲುಗಳು ತುಂಬುತ್ತವೆ. ಅಜ್ಜಿಯ ದುಡಿಮೆಗೆ ಕಂಬಸಾಲೇ ಇರುವುದಿಲ್ಲ. ಮುಂಗಡದ ತತ್ತ್ವಕ್ಕೆ ನಮ್ಮಲ್ಲಿ ಸಮೀಪವಾಗಿ ಬಂದುದೆಂದರೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. ೨೦೨೨ರ ಅದರ ಮಾರ್ಗಸೂಚಿಯು, ತಾಯಿ ವಿಧವೆ, ವಿಚ್ಛೇದಿತೆ ಅಥವಾ ಪರಿತ್ಯಕ್ತೆಯಾಗಿರುವ ಬಡ ಮಕ್ಕಳಿಗೆ ತಿಂಗಳಿಗೆ ೪೦೦೦ ರೂಪಾಯಿಗಳನ್ನು ನಿಗದಿಮಾಡಿತು. ಹಣವು ಮಗುವಿನ ಹೆಸರಿನಲ್ಲಿ ಬರುತ್ತದೆಂಬುದೇ ಅದರಲ್ಲಿ ಮೆಚ್ಚತಕ್ಕ ಅಂಶ.

ಚಂದ್ರಹಾಸನ ಕಥೆಯನ್ನು ಕಡೆಗೆ ಇಟ್ಟುಕೊಂಡೆವು. ಅಲ್ಲಿ ಹಕ್ಕು ಸಾಧಿಸಲು ತಂದೆಯೇ ಇಲ್ಲ. ಕೇರಳದ ಅರಸು ಯುದ್ಧದಲ್ಲಿ ಮಡಿದಿದ್ದಾನೆ. ರಾಣಿ ಅವನನ್ನು ಅನುಸರಿಸಿದ್ದಾಳೆ. ಕಾಲಿನಲ್ಲಿ ಆರನೆಯ ಬೆರಳುಳ್ಳ ಕೂಸನ್ನೆತ್ತಿಕೊಂಡು ದಾದಿಯೊಬ್ಬಳು ಕುಂತಳಪುರವನ್ನು ಸೇರುತ್ತಾಳೆ, ಬಡತನದಲ್ಲಿ ಅದನ್ನು ಸಾಕುತ್ತಾಳೆ, ಕೆಲವು ಕಾಲದಲ್ಲಿಯೇ ಸಾಯುತ್ತಾಳೆ. ಹೆರದೆಯೂ ಒಂಟಿ ತಾಯಿಯಾದ ಈಕೆಯ ಹೆಸರನ್ನು ಕಥೆ ಕೇಳಿದವರಾರೂ ಹೇಳಲಾರರು. ಆಕೆ ಬರಿಯ ದಾದಿ. ಆಮೇಲೆ ಬೀದಿಯ ಮಗುವನ್ನು ಊರಿನ ಹೆಂಗಸರು ಕರೆದು ಉಣಿಸುತ್ತಾರೆ, ಉಡಿಸುತ್ತಾರೆ. ಯಾರ ಮಗನೆಂದು ಕೇಳಿ ಅನ್ನವಿಕ್ಕಿದವರು ಯಾರೂ ಇಲ್ಲ. ಗೋವಿನ ಹಾಡಿನಲ್ಲಿ ಪುಣ್ಯಕೋಟಿಯು ಸಾಯಲು ಹೊರಟಾಗ ಕರುವನ್ನು ಒಪ್ಪಿಸಿದ್ದೂ ಜೊತೆಯ ಹಸುಗಳಿಗೇ. ಮುಂದೆ ದುಷ್ಟಬುದ್ಧಿಯ ಕಣ್ಣು ಚಂದ್ರಹಾಸನ ಮೇಲೆ ಬಿದ್ದು, ಕೊಲೆಗಾರರು ಆರನೆಯ ಬೆರಳನ್ನು ಕಡಿದೊಯ್ದು, ಕುಳಿಂದನು ಮಗನನ್ನಾಗಿ ಸಾಕಿಕೊಂಡು, ವಿಷಯೆಯ ಕೈ ದೊರೆಯುವವರೆಗೆ ಕಥೆ ಓಡುತ್ತದೆ. ಆ ಓಟಕ್ಕೆ ಮರುಳಾದ ನಾವು, ಕುಂತಳಪುರದ ಆ ಹೆಂಗಸರನ್ನು ಭಾಗವತ ಮಹಿಮೆಯ ಉಪಕರಣಗಳೆಂದು ಮಾತ್ರ ಓದಿಕೊಂಡು ಬಂದೆವು. ವಾಸ್ತವವಾಗಿ ಲಕ್ಷ್ಮೀಶನ ಕಾವ್ಯದಲ್ಲಿ ಕಾಳಗವಿಲ್ಲದೆ ಮಗುವಿಗೆ ಅನ್ನ ದೊರೆತ ಎಡೆಗಳಲ್ಲಿ ಇದು ಮುಖ್ಯವಾದುದು. ಸೀತೆಯ ಅಳಲಿಗೆ ಕೊಟ್ಟ ಅಂಕಗಳಲ್ಲಿ ಕೆಲವನ್ನು ವಿಮರ್ಶೆಯು ಇತ್ತಲೂ ಕೊಡಬೇಕಾಗಿದೆ.

ಈ ವಿಷಯದ ಮೇಲೆ ಕೆಲಸ ಮಾಡಬಯಸುವ ವಿದ್ಯಾರ್ಥಿಗಳಿಗೆ ಸಾಮಗ್ರಿ ದೂರದಲ್ಲಿಲ್ಲ. ಕಡೂರು, ತರೀಕೆರೆಯಂಥ ತಾಲ್ಲೂಕು ನ್ಯಾಯಾಲಯಗಳ ವಹಿಗಳಲ್ಲಿ ಅರ್ಜಿ ಹಾಕಿದ ದಿನವೂ ಆಜ್ಞೆಯಾದ ದಿನವೂ ದೊರೆಯುತ್ತವೆ. ಮೊದಲ ಕಂತು ಕೈಗೆ ಬಂದ ದಿನ ಯಾವುದು, ಅಲ್ಲಿಯವರೆಗೆ ಮಗುವಿಗೆ ಹಾಲು ಬಂದುದು ಯಾರ ಮನೆಯಿಂದ ಎಂಬುದು ಯಾವ ವಹಿಯಲ್ಲಿಯೂ ಇರುವುದಿಲ್ಲ. ಅದನ್ನು ಆ ತಾಯಂದಿರನ್ನೇ ಕೇಳಿ ಬರೆದುಕೊಳ್ಳಬೇಕು.